ಟ್ರೇಲರ್‌ನ ಹೊಸ ವಾಟರ್ ಹೀಟರ್‌ಗೆ ಹಳೆಯ ಗ್ಯಾಸ್ ಕೊಳವೆ ಕೂಡುತ್ತಿಲ್ಲ: ಸಲಹೆ ಬೇಕು

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರವಾಸಿ ಟ್ರೇಲರ್‌ನಲ್ಲಿದ್ದ (ವಾಹನದ ಹಿಂದೆ ಎಳೆದೊಯ್ಯುವ ಮನೆಯಂಥ ಗಾಡಿ) 6 ಗ್ಯಾಲನ್ ವಾಟರ್ ಹೀಟರ್‌ನ ತೊಟ್ಟಿ ತಳದಲ್ಲಿ ತೂತು ಬಿದ್ದು ಸೋರತೊಡಗಿದ್ದರಿಂದ ಇಡೀ ಹೀಟರನ್ನೇ ಬದಲಾಯಿಸುತ್ತಿದ್ದೇನೆ. ಹೊಸದು ಬೇರೆ ತಯಾರಕರದು. ಗೋಡೆಯ ತೆರಪಿಗೆ ಅದು ಸರಿಯಾಗಿ ಕುಳಿತಿದೆ, ಬಿಸಿನೀರು ಮತ್ತು ತಣ್ಣೀರಿನ ಕೊಳವೆಗಳೂ ತೊಂದರೆಯಿಲ್ಲದೆ ಕೂಡಿವೆ. ತೊಡಕಿರುವುದು ಗ್ಯಾಸ್ ಕೊಳವೆಯಲ್ಲಿ ಮಾತ್ರ. ನೆಲದಡಿಯಿಂದ ಬರುವ 3/8 ಇಂಚಿನ ತಾಮ್ರದ ಕೊಳವೆಯ ತುದಿ ಹೊಸ ವಾಲ್ವ್‌ನ ಬಾಯಿಗಿಂತ ಸುಮಾರು ಎರಡು ಇಂಚು ಎಡಕ್ಕಿದೆ, ಉದ್ದವೂ ಒಂದು ಇಂಚಿನಷ್ಟು ಸಾಲದು. ಇದರ ಜೊತೆಗೆ, ನನ್ನ ಬಳಿಯಿದ್ದ ಹಿತ್ತಾಳೆಯ ಜೋಡಣೆಯನ್ನು ಹೊಸ ವಾಲ್ವ್‌ನ ಬಾಯಿಗೆ ತಿರುಗಿಸಿ ನೋಡಿದಾಗ ಅದು ಒಳಗೇನೋ ಹೋಯಿತು, ಆದರೆ ಬಿಗಿಯಾಗದೆ ಅಲುಗಾಡುತ್ತಿದೆ.

ನಾನು ಕೇಳಬೇಕಾದದ್ದು ಮೂರು ವಿಷಯ. ತಾಮ್ರದ ಕೊಳವೆಯನ್ನು ಮೆಲ್ಲಗೆ ಎಳೆದು ಬಗ್ಗಿಸಿ ಕೂಡಿಸಬಹುದೇ? ಅದರ ಬದಲು ರಬ್ಬರ್ ಹೋಸ್ ಹಾಕಬಹುದೇ? ಅಲುಗಾಡುವ ಜೋಡಣೆಗೆ ಟೆಫ್ಲಾನ್ ಟೇಪನ್ನು ಇನ್ನಷ್ಟು ಸುತ್ತಿದರೆ ಬಿಗಿಯಾಗುತ್ತದೆಯೇ? ನೀರಿನ ಕೊಳವೆಯ ಕೆಲಸ ನನಗೆ ಬರುತ್ತದೆ, ಆದರೆ ಗ್ಯಾಸ್ ಕೊಳವೆಗೆ ಕೈಹಾಕುತ್ತಿರುವುದು ಇದೇ ಮೊದಲು.

ಕೊಳವೆ ಕೆಲಸದವರು

ನಮಸ್ಕಾರ. ನಿಮ್ಮ ಮೂರನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಮೂರರಲ್ಲಿ ಹೆಚ್ಚು ಅಪಾಯಕಾರಿಯಾದದ್ದು ಅದೇ. ದಯವಿಟ್ಟು ಆ ಜೋಡಣೆಯನ್ನು ಈಗಲೇ ಬಿಚ್ಚಿ ಪಕ್ಕಕ್ಕಿಡಿ. ಸಿಲಿಂಡರ್‌ನ ವಾಲ್ವ್ ಮುಚ್ಚಿದೆಯೇ ಎಂಬುದನ್ನೂ ಇನ್ನೊಮ್ಮೆ ನೋಡಿ.

ನಿಮ್ಮ ಕೈಯಲ್ಲಿರುವುದು ಎರಡೂ ಕಡೆ ಫ್ಲೇರ್ ಇರುವ, ಅಂದರೆ ಅಂಚು ಅರಳಿಸಿದ ತಾಮ್ರದ ಕೊಳವೆ ಒತ್ತಿ ಕೂರುವಂಥ ಯೂನಿಯನ್ (ಎರಡು ಕೊಳವೆಗಳನ್ನು ಕೂಡಿಸುವ ತುಂಡು) ಎಂದು ನನಗನ್ನಿಸುತ್ತದೆ. ವಾಲ್ವ್‌ನ ಬಾಯಲ್ಲಿರುವುದು ಪೈಪ್ ಮರೆ, ಅಂದರೆ ಒಳಗೆ ಹೋದಂತೆ ಕಿರಿದಾಗುವ ಮರೆ (ತಿರುಪಿನ ಸುತ್ತು). 3/8 ಫ್ಲೇರ್ ಮರೆಯ ಹೊರ ವ್ಯಾಸ 5/8 ಇಂಚು, ಎಂದರೆ ಸುಮಾರು 15.9 ಮಿಲಿಮೀಟರ್. ಅಮೆರಿಕದ ಅಳತೆಯ 3/8 ಪೈಪ್ ಮರೆಯ ಹೊರ ವ್ಯಾಸ ಸುಮಾರು 17.1 ಮಿಲಿಮೀಟರ್. ಎರಡರಲ್ಲೂ ಒಂದು ಇಂಚಿಗೆ ಇರುವ ಸುತ್ತುಗಳು 18. ಕೈಗೆ ಮೋಸವಾಗುವುದು ಇಲ್ಲಿಯೇ: ಸುತ್ತುಗಳ ಅಂತರ ಒಂದೇ ಆಗಿರುವುದರಿಂದ ಒಂದು ಇನ್ನೊಂದರೊಳಕ್ಕೆ ಸರಾಗವಾಗಿ ಹೋಗುತ್ತದೆ, ಆದರೆ ವ್ಯಾಸ ಬೇರೆಯಾಗಿರುವುದರಿಂದ ಎಲ್ಲಿಯೂ ಕಚ್ಚಿಕೊಳ್ಳುವುದಿಲ್ಲ. ಅಲ್ಲಿ ಟೇಪ್ ಸುತ್ತಿದರೆ ಅಲುಗಾಟ ನಿಂತಂತೆ ತೋರುತ್ತದೆ, ಮೊದಲ ದಿನ ಸೋರದೆಯೂ ಇರಬಹುದು. ಆದರೆ ಟ್ರೇಲರ್ ರಸ್ತೆಯ ಮೇಲೆ ನೂರಾರು ಕಿಲೋಮೀಟರ್ ಕುಲುಕಿದ ಮೇಲೆ ಆ ಜೋಡಣೆಯನ್ನು ಹಿಡಿದಿಡುವ ಲೋಹ ಅಲ್ಲಿ ಇರುವುದೇ ಇಲ್ಲ, ಟೇಪ್ ಮಾತ್ರ ಇರುತ್ತದೆ.

ನಿಮಗೆ ಬೇಕಾದದ್ದು ಒಂದು ತುದಿಯಲ್ಲಿ 3/8 ಪೈಪ್ ಮರೆ, ಇನ್ನೊಂದು ತುದಿಯಲ್ಲಿ 3/8 ಫ್ಲೇರ್ ಮರೆ ಇರುವ ಹಿತ್ತಾಳೆಯ ಅರ್ಧ ಯೂನಿಯನ್. ಕೊಳವೆ ಪಕ್ಕದಿಂದ ಬರುವುದಾದರೆ ಅದೇ ಬಗೆಯ ಎಲ್ಬೋ, ಅಂದರೆ ಮೊಣಕೈಯಂತೆ ಬಾಗಿದ ಜೋಡಣೆ. ಕೊಳ್ಳುವ ಮೊದಲು ನಿಮ್ಮ ಹೀಟರ್‌ನ ಕೈಪಿಡಿಯಲ್ಲಿ ವಾಲ್ವ್‌ನ ಬಾಯಿಯ ಅಳತೆಯನ್ನು ಖಚಿತಪಡಿಸಿಕೊಳ್ಳಿ. ಬ್ರಿಟಿಷ್ ಪೈಪ್ ಮರೆ ಬೇರೆ ಎಂಬುದನ್ನೂ ನೆನಪಿಡಿ. ಅದರಲ್ಲಿ 3/8ಕ್ಕೆ ಇಂಚಿಗೆ 19 ಸುತ್ತು, ಮರೆಯ ಕೋನವೂ ಬೇರೆ. ಮೊದಲ ಎರಡು ಸುತ್ತು ಸುಲಭವಾಗಿ ಹೋಗಿ ಆಮೇಲೆ ಹಿಡಿದುಕೊಳ್ಳುತ್ತದೆ, ಅದನ್ನು ‘ಬಿಗಿಯಾಯಿತು’ ಎಂದು ತಿಳಿಯುವವರಿದ್ದಾರೆ.

ಇನ್ನೊಂದು ಮಾತು. ತಾಮ್ರದ ಕೊಳವೆಗೆ 3/8 ಎಂದರೆ ಅದರ ಹೊರ ವ್ಯಾಸ, 9.5 ಮಿಲಿಮೀಟರ್. ಕಬ್ಬಿಣದ ಪೈಪಿಗೆ 3/8 ಎಂದರೆ ಬರಿಯ ಹೆಸರಿನ ಅಳತೆ. ಈ ಎರಡನ್ನು ಒಂದೇ ಎಂದುಕೊಂಡು ತಪ್ಪು ಜೋಡಣೆ ತರುವುದು ಬಹಳ ಸಾಮಾನ್ಯ.

ಹಳೆಯ ಟ್ರೇಲರ್ ಮಾಲೀಕರು

ಮೇಲಿನವರು ಹೇಳಿದ್ದು ಸರಿಯಾಗಿದೆ. ಟೇಪಿನ ವಿಷಯದಲ್ಲಿ ಒಂದು ಮಾತನ್ನು ಬಿಡಿಸಿ ಹೇಳುವುದು ಒಳ್ಳೆಯದು. ಪೈಪ್ ಮರೆಗೆ ಸೀಲೆಂಟ್ ಬೇಕೇ ಬೇಕು, ಏಕೆಂದರೆ ಅಲ್ಲಿ ಮರೆಗಳ ನಡುವೆ ಸುರುಳಿಯಾಗಿ ಒಂದು ಸಣ್ಣ ದಾರಿ ಉಳಿದಿರುತ್ತದೆ. ಗ್ಯಾಸಿಗೆಂದೇ ತಯಾರಿಸಿದ ಹಳದಿ ಟೇಪನ್ನೋ ಪ್ರೊಪೇನ್‌ಗೆ ತಕ್ಕದ್ದೆಂದು ಬರೆದಿರುವ ಪೇಸ್ಟನ್ನೋ ಬಳಸಿ, ತುದಿಯ ಮೊದಲೆರಡು ಸುತ್ತುಗಳನ್ನು ಖಾಲಿ ಬಿಡಿ. ಹಾಗೆ ಬಿಡದಿದ್ದರೆ ಟೇಪಿನ ಎಳೆ ಹರಿದು ಗ್ಯಾಸಿನೊಂದಿಗೆ ಒಳಗೆ ಹೋಗಿ ವಾಲ್ವ್‌ನಲ್ಲೋ ಬರ್ನರ್‌ನ ಸೂಜಿಗಾತ್ರದ ರಂಧ್ರದಲ್ಲೋ ಕೂರುತ್ತದೆ.

ಫ್ಲೇರ್‌ಗೆ ಮಾತ್ರ ಯಾವ ಟೇಪೂ ಬೇಡ, ಯಾವ ಪೇಸ್ಟೂ ಬೇಡ. ಅಲ್ಲಿ ಗ್ಯಾಸನ್ನು ತಡೆಯುವುದು ಮರೆಯಲ್ಲ. ತಾಮ್ರದ ಹೂವಿನಂತೆ ಅರಳಿದ ಅಂಚು ಹಿತ್ತಾಳೆಯ 45 ಡಿಗ್ರಿ ಇಳಿಜಾರಿನ ಮೇಲೆ ಒತ್ತಿ ಕೂರುವುದರಿಂದಲೇ ಅದು ಮುಚ್ಚಿಕೊಳ್ಳುತ್ತದೆ. ನಟ್ ಮಾಡುವ ಕೆಲಸ ಒತ್ತುವುದು ಮಾತ್ರ. ಮಧ್ಯೆ ಟೇಪ್ ಸಿಕ್ಕಿಕೊಂಡರೆ ಲೋಹಕ್ಕೆ ಲೋಹ ತಾಕುವುದಿಲ್ಲ, ಹಾಗಾಗಿ ಟೇಪ್ ಸುತ್ತಿದ್ದರಿಂದಲೇ ಸೋರುವ ಜೋಡಣೆಗಳೂ ಇರುತ್ತವೆ.

ಮೊದಲ ಪ್ರಶ್ನೆಯ ಬಗ್ಗೆ: ಎರಡು ಇಂಚು ಎಳೆಯಬಹುದೇ ಎಂದರೆ ಕೈಗೆ ಬರುತ್ತದೆ, ಆದರೆ ಎಳೆಯಬಾರದು. ಎಳೆದು ಕೂಡಿಸಿದ ಕೊಳವೆ ತನ್ನ ಹಳೆಯ ಜಾಗಕ್ಕೆ ಮರಳಲು ಸದಾ ತವಕಿಸುತ್ತಿರುತ್ತದೆ. ಆ ಎಳೆತ ಪೂರ್ತಿ ಬೀಳುವುದು ಫ್ಲೇರ್‌ನ ಕುತ್ತಿಗೆಯ ಮೇಲೆ, ತಾಮ್ರ ಅತಿ ತೆಳುವಾಗಿರುವ ಜಾಗದಲ್ಲಿ. ವರ್ಷಗಟ್ಟಲೆ ಅಲುಗಿ ಗಡುಸಾದ ಹಳೆಯ ತಾಮ್ರ ಮತ್ತೆ ಬಗ್ಗಿಸಿದರೆ ಬಿರುಕು ಬಿಡುತ್ತದೆ, ಬಿರುಕು ನಟ್‌ನ ಒಳಗಡೆ ಇರುವುದರಿಂದ ಕಣ್ಣಿಗೆ ಕಾಣುವುದೂ ಇಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಜೋಡಣೆಯನ್ನು ಬಿಚ್ಚಿ ಅಳೆದು ನೋಡಿದೆ. ನೀವು ಹೇಳಿದಂತೆ ಅದರ ಎರಡೂ ತುದಿಗಳು 15.9 ಮಿಲಿಮೀಟರ್ ಇವೆ. ಇದನ್ನು ನಾನು ಟೇಪ್ ಸುತ್ತಿ ಮುಗಿಸಿಬಿಡುತ್ತಿದ್ದೆನೆಂದು ನೆನೆದರೆ ಭಯವಾಗುತ್ತದೆ, ಈ ಟ್ರೇಲರ್‌ನಲ್ಲಿ ಮಕ್ಕಳು ಮಲಗುವ ಹಾಸಿಗೆ ಹೀಟರ್‌ನ ಪಕ್ಕದಲ್ಲೇ ಇದೆ. ಸರಿಯಾದ ಅರ್ಧ ಯೂನಿಯನ್ ತರಿಸುತ್ತೇನೆ. ಹಾಗಾದರೆ ಹೋಸ್‌ನ ಕಥೆಯೇನು? ಗ್ಯಾಸಿಗೆಂದೇ ಮಾಡಿದ ಹೋಸ್ ಹಾಕಿದರೆ ಅಳತೆಯ ತೊಂದರೆಯೇ ಇರುವುದಿಲ್ಲವಲ್ಲ?

ಉಪಕರಣ ದುರಸ್ತಿಯವರು

ಹೋಸ್ ಎಲ್ಲಿ ಹಾದುಹೋಗುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ. ಸಿಲಿಂಡರ್‌ನಿಂದ ರೆಗ್ಯುಲೇಟರ್‌ವರೆಗೆ ಹೋಸ್ ಇರುತ್ತದೆ, ಟ್ರೇಲರ್‌ನಿಂದ ಹೊರಕ್ಕೆ ಜಾರಿಸಬಹುದಾದ ಸ್ಲೈಡ್-ಔಟ್ ಕೋಣೆಯೊಂದಿಗೆ ಚಲಿಸುವ ಉಪಕರಣಗಳಿಗೂ ಇರುತ್ತದೆ. ಅವೆಲ್ಲ ತೆರೆದ ಜಾಗಗಳು, ಬೇಕೆಂದಾಗ ಕಣ್ಣಿಟ್ಟು ನೋಡಬಹುದು, ಬದಲಾಯಿಸಬಹುದು. ಆದರೆ ನೆಲವನ್ನೋ ಗೋಡೆಯನ್ನೋ ತೂರಿಕೊಂಡು ಹೋಗುವ ಜಾಗದಲ್ಲಿ, ಹೀಟರ್‌ನ ತಗಡಿನ ಪೆಟ್ಟಿಗೆಯ ಹರಿತವಾದ ಅಂಚಿನ ಪಕ್ಕದಲ್ಲಿ, ಬರ್ನರ್‌ನ ಶಾಖಕ್ಕೆ ಹತ್ತಿರದಲ್ಲಿ ಹೋಸ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ರಬ್ಬರು ಕಾಲಕ್ರಮೇಣ ಗಡುಸಾಗಿ ಬಿರಿಯುತ್ತದೆ, ಉಜ್ಜಿದರೆ ಸವೆಯುತ್ತದೆ. ಮರೆಯಾದ ಜಾಗದಲ್ಲಿ ಅದು ಬಿರಿದದ್ದು ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಬ್ಬ ಸದಸ್ಯರು

ಇದನ್ನು ನಾನು ಪೂರ್ತಿ ಒಪ್ಪಲಾರೆ. ತಯಾರಕರು ಅನುಮತಿಸಿದ, ಗ್ಯಾಸಿಗೆ ಪ್ರಮಾಣಿತವಾದ ಚಿಕ್ಕ ಹೋಸನ್ನು ಹೊರಗಿನಿಂದ ತೆರೆಯಬಹುದಾದ ಕಡೆ ಹಾಕಿದರೆ ಕಂಪನವನ್ನು ಅದು ತಾಮ್ರಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಎಲ್ಲ ಹೋಸೂ ಕೆಟ್ಟದ್ದು ಎಂಬ ಭಾವನೆ ಓದುಗರಲ್ಲಿ ಬರಬಾರದು.

ಉಪಕರಣ ದುರಸ್ತಿಯವರು

ಒಪ್ಪಿಕೊಳ್ಳುತ್ತೇನೆ. ತೆರೆದ ಜಾಗ, ಪ್ರಮಾಣಿತ ಹೋಸ್, ಕೈಪಿಡಿಯ ಅನುಮತಿ: ಈ ಮೂರೂ ಇದ್ದರೆ ನನ್ನ ತಕರಾರಿಲ್ಲ. ಪ್ರಶ್ನೆ ಕೇಳಿದವರ ಟ್ರೇಲರ್‌ನಲ್ಲಿ ಕೊಳವೆ ನೆಲವನ್ನು ತೂರಿ ಬಂದು ಪೆಟ್ಟಿಗೆಯ ಪಕ್ಕದ ರಂಧ್ರದಿಂದ ಒಳಗೆ ಹೋಗುತ್ತಿರುವುದರಿಂದ ಅಲ್ಲಿ ಹೋಸ್ ಸಲ್ಲದು ಎಂದೆ.

ಹೀಟರ್ ತಯಾರಿಕೆಯ ಬಗ್ಗೆಯೂ ಸ್ವಲ್ಪ ಹೇಳಬೇಕು, ಏಕೆಂದರೆ ಒಂದರ ಬದಲು ಇನ್ನೊಂದನ್ನು ಕೂರಿಸುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಸಬರ್ಬನ್ ಎಂಬ ತಯಾರಕರ ಹೀಟರ್‌ಗಳ ತೊಟ್ಟಿ ಒಳಗೆ ಪಿಂಗಾಣಿ ಲೇಪವಿರುವ ಉಕ್ಕಿನದು, ಅದಕ್ಕೆ ಆನೋಡ್ ಕಂಬಿ ಬೇಕು. ತೊಟ್ಟಿಯ ಬದಲು ತಾನು ತುಕ್ಕು ಹಿಡಿದು ಕರಗಿಹೋಗುವುದೇ ಆ ಕಂಬಿಯ ಕೆಲಸ. ಆಟ್‌ವುಡ್ ಹೀಟರ್‌ಗಳ ತೊಟ್ಟಿ ಅಲ್ಯೂಮಿನಿಯಂನದು, ಅದಕ್ಕೆ ಆ ಕಂಬಿ ಇಲ್ಲ. 6 ಗ್ಯಾಲನ್ ಗಾತ್ರದಲ್ಲಿ ಮೊದಲನೆಯದರ ಬರ್ನರ್ ಗಂಟೆಗೆ 12,000 ಬಿಟಿಯು (ಶಾಖವನ್ನು ಅಳೆಯುವ ಮಾನ), ಎರಡನೆಯದರದು ಸಾಮಾನ್ಯವಾಗಿ 8,800. ಈ ವ್ಯತ್ಯಾಸಕ್ಕಾಗಿ 3/8 ಕೊಳವೆಯನ್ನು ಬದಲಾಯಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಆದರೆ ವಾಲ್ವ್‌ನ ಜಾಗ, ಕೊಳವೆ ಒಳಬರುವ ರಂಧ್ರದ ಜಾಗ, ತೆರಪಿನ ಅಳತೆ ಎಲ್ಲವೂ ಬೇರೆ ಬೇರೆ. ಹಾಗಾಗಿ ಹಳೆಯ ಕೊಳವೆ ಹೊಸ ವಾಲ್ವ್‌ಗೆ ನೇರವಾಗಿ ಹೊಂದಿದರೆ ಅದು ಆಕಸ್ಮಿಕ, ಹೊಂದದಿರುವುದೇ ಸಹಜ.

ಕೊಳವೆ ಕೆಲಸದವರು

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ಕೊಳವೆ ಗಿಡ್ಡವಾಗಿದ್ದರೆ ಎರಡು ದಾರಿಗಳಿವೆ. ಇರುವ ಕೊಳವೆಯನ್ನು ಕತ್ತರಿಸಿ ಯೂನಿಯನ್ ಹಾಕಿ ತುಂಡು ಸೇರಿಸುವುದು ಒಂದು. ಟ್ರೇಲರ್‌ನ ಕೆಳಗೆ ಚಾಸಿಗೆ ಅಂಟಿಕೊಂಡು ಹೋಗುವ ಕಪ್ಪು ಕಬ್ಬಿಣದ ಮುಖ್ಯ ಪೈಪಿನಿಂದ, ಅಂದರೆ ಕವಲೊಡೆಯುವ ಟೀ ಜೋಡಣೆಯಿಂದ ಹೀಟರ್‌ವರೆಗೆ ಹೊಸ ತಾಮ್ರದ ಕೊಳವೆಯನ್ನು ಎಲ್ಲಿಯೂ ತುಂಡಿಲ್ಲದಂತೆ ತರುವುದು ಇನ್ನೊಂದು. ನಾನು ಯಾವಾಗಲೂ ಎರಡನೆಯದನ್ನೇ ಮಾಡುತ್ತೇನೆ. ಯೂನಿಯನ್ ಹಾಕಿದರೆ ಎರಡು ಹೊಸ ಫ್ಲೇರ್‌ಗಳು ಹೆಚ್ಚಾಗುತ್ತವೆ, ಅವು ಹೀಟರ್‌ನ ಹಿಂದೆ ಕೈಗೆಟುಕದ ಕಡೆ ಉಳಿದುಹೋಗುತ್ತವೆ. ಸೋರಿಕೆಯನ್ನು ಹುಡುಕಲಾಗದ ಕಡೆ ಜೋಡಣೆ ಇರಲೇಬಾರದು.

ತಾಮ್ರವನ್ನು ಕತ್ತರಿಸಲು ಗರಗಸ ಬಳಸಬೇಡಿ, ಟ್ಯೂಬ್ ಕಟರ್ ಬಳಸಿ, ಅದನ್ನೂ ನಿಧಾನವಾಗಿ ಬಿಗಿಮಾಡುತ್ತ ಸುತ್ತಿಸಿ. ಕತ್ತರಿಸಿದ ಮೇಲೆ ಒಳ ಅಂಚಿನಲ್ಲಿ ಏಳುವ ಚೂಪಾದ ಲೋಹದ ಎಳೆಯನ್ನು ತೆಗೆಯುವಾಗ ಕೊಳವೆಯ ಬಾಯನ್ನು ಕೆಳಮುಖವಾಗಿ ಹಿಡಿಯಿರಿ, ಪುಡಿ ಒಳಗೆ ಬೀಳಬಾರದು. ಫ್ಲೇರ್ ಮಾಡುವ ಮೊದಲು ನಟ್ಟನ್ನು ಕೊಳವೆಗೆ ಏರಿಸಿ. ಅನುಭವ ಇದ್ದವರೂ ಇದನ್ನು ಮರೆತು, ಚೆಂದದ ಫ್ಲೇರ್ ಮಾಡಿದ ಮೇಲೆ ನಟ್ ನೆನಪಾಗಿ ಅದನ್ನು ಕತ್ತರಿಸಿ ಎಸೆಯುತ್ತಾರೆ. ಫ್ಲೇರ್ ಉಪಕರಣದ ಶಂಕುವಿಗೆ ಒಂದು ತೊಟ್ಟು ಎಣ್ಣೆ ಹಚ್ಚಿ ತಿರುಗಿಸಿ.

ಆಮೇಲೆ ಬೆಳಕಿಗೆ ಹಿಡಿದು ನೋಡಿ. ಅಂಚು ಎಲ್ಲ ಕಡೆ ಸಮವಾಗಿರಬೇಕು, ಎಲ್ಲಿಯೂ ಸೀಳಿರಬಾರದು, ಒಳಮೈಯಲ್ಲಿ ಉದ್ದುದ್ದ ಗೀರು ಇರಬಾರದು. ನಟ್‌ನ ಒಳಗೆ ಹೋಗುವಾಗ ಅಂಚು ಮರೆಗಳಿಗೆ ತಾಕಿದರೆ ಫ್ಲೇರ್ ಹೆಚ್ಚು ಅಗಲವಾಗಿದೆ ಎಂದರ್ಥ, ನಟ್‌ನ ತಳದಲ್ಲಿ ಅದು ಸಡಿಲವಾಗಿ ಕುಳಿತರೆ ಸಾಕಷ್ಟು ಅಗಲವಾಗಿಲ್ಲ. ನಿಮ್ಮ ಮೊದಲ ಎರಡು ಫ್ಲೇರ್‌ಗಳನ್ನು ಅಭ್ಯಾಸಕ್ಕೆಂದು ಬೇರೆ ತುಂಡಿನ ಮೇಲೆ ಮಾಡಿ. ಇದರಲ್ಲಿ ನಾಚಿಕೆಯೇನಿಲ್ಲ.

ಕೊಳವೆಯನ್ನು ಬಗ್ಗಿಸಲು ಬೆಂಡಿಂಗ್ ಸ್ಪ್ರಿಂಗ್ ಬಳಸಿ, ಕೈಯಿಂದ ಬಗ್ಗಿಸಿದರೆ ಚಪ್ಪಟೆಯಾಗುತ್ತದೆ. ನೆಲವನ್ನು ತೂರುವ ಕಡೆ ರಬ್ಬರ್ ಗ್ರೋಮೆಟ್, ಅಂದರೆ ರಂಧ್ರದ ಅಂಚಿಗೆ ಕೂರುವ ಬಳೆ, ಇರಲಿ. ಹೀಟರ್‌ಗೆ ಬರುವ ಮುನ್ನ ಒಂದು ಸೌಮ್ಯವಾದ ಬಳುಕು ಬಿಡಿ, ರಸ್ತೆಯ ಕುಲುಕಾಟವನ್ನು ಆ ಬಳುಕೇ ನುಂಗಿಕೊಳ್ಳುತ್ತದೆ. ಕೊಳವೆಯ ತುದಿಯನ್ನು ವಾಲ್ವ್‌ನ ಬಾಯಿಗೆ ಹಿಡಿದಾಗ ಅದು ಯಾವ ಒತ್ತಾಯವೂ ಇಲ್ಲದೆ ನೇರವಾಗಿ ಎದುರಾಗಬೇಕು, ನಟ್ ಬೆರಳಿನಿಂದಲೇ ಕೊನೆಯವರೆಗೆ ತಿರುಗಬೇಕು. ತಿರುಗದಿದ್ದರೆ ಸ್ಪ್ಯಾನರ್ ಎತ್ತಿಕೊಳ್ಳಬೇಡಿ, ಕೊಳವೆಯನ್ನು ಮತ್ತೊಮ್ಮೆ ಸರಿಪಡಿಸಿ.

ಬಿಗಿಮಾಡುವಾಗ ಎರಡು ಸ್ಪ್ಯಾನರ್ ಬೇಕು. ಒಂದು ಹಿತ್ತಾಳೆಯ ಜೋಡಣೆಯನ್ನು ಅಲುಗದಂತೆ ಹಿಡಿದಿರಲಿ, ಇನ್ನೊಂದರಿಂದ ನಟ್ಟನ್ನು ತಿರುಗಿಸಿ. ಗ್ಯಾಸ್ ವಾಲ್ವ್‌ನ ಮೈ ಎರಕದ ಅಲ್ಯೂಮಿನಿಯಂ ಆಗಿರುತ್ತದೆ. ಒಂದೇ ಸ್ಪ್ಯಾನರ್‌ನಿಂದ ಎಳೆದರೆ ತಿರುಚುವ ಬಲವೆಲ್ಲ ಅದರ ಮೇಲೆ ಬಿದ್ದು ಸೀಳಬಹುದು, ಇಲ್ಲವೇ ವಾಲ್ವೇ ತನ್ನ ಬ್ರಾಕೆಟ್‌ನಲ್ಲಿ ತಿರುಗಿ ಬರ್ನರ್ ಕೊಳವೆಯ ನೇರ ತಪ್ಪಬಹುದು.

ಹೊಸ ಸದಸ್ಯರು

ನಾನೂ ಇಂಥದ್ದೇ ಕೆಲಸಕ್ಕೆ ಕೈಹಾಕುತ್ತಿದ್ದೇನೆ, ಆದರೆ ತೊಟ್ಟಿಯಿಲ್ಲದ, ಹರಿಯುವಾಗಲೇ ನೀರು ಕಾಯಿಸುವ ಹೀಟರ್ ಹಾಕಬೇಕೆಂದಿದ್ದೇನೆ. ಅದೇ 3/8 ಕೊಳವೆ ಸಾಕಾಗುತ್ತದೆಯೇ?

ಉಪಕರಣ ದುರಸ್ತಿಯವರು

ನಿಮ್ಮ ಪ್ರಶ್ನೆಗೆ ಲೆಕ್ಕ ಹಾಕದೆ ಉತ್ತರ ಕೊಡಲಾಗದು. ತೊಟ್ಟಿಯ ಹೀಟರ್ 12,000 ಬಿಟಿಯು ಬೇಡಿದರೆ, ಗಿರಾರ್ಡ್‌ನಂಥ ತೊಟ್ಟಿಯಿಲ್ಲದ ಹೀಟರ್ 42,000 ಬೇಡುತ್ತದೆ, ಟ್ರೂಮಾ ಅಕ್ವಾಗೋ 60,000. ಕೋಣೆ ಬೆಚ್ಚಗಿಡುವ ಫರ್ನೇಸ್ 30,000 ಬೇಡುವುದಾದರೆ, ಅದರ ಜೊತೆಗೆ ಅಡುಗೆ ಒಲೆಯೂ ಉರಿಯುವ ಚಳಿಯ ಬೆಳಗ್ಗೆ ಎಲ್ಲ ಕೂಡಿ ಒಂದು ಲಕ್ಷ ದಾಟಬಹುದು. ಕೊಳವೆಯ ಉದ್ದ ಹೆಚ್ಚಿದಂತೆ ಅದು ಸಾಗಿಸಬಲ್ಲ ಗ್ಯಾಸ್ ಕಡಿಮೆಯಾಗುತ್ತದೆ. ರೆಗ್ಯುಲೇಟರ್‌ನ ಸಾಮರ್ಥ್ಯವನ್ನೂ ಮುಖ್ಯ ಪೈಪಿನ ಗಾತ್ರವನ್ನೂ ಕೈಪಿಡಿಯ ಕೋಷ್ಟಕದೊಡನೆ ಹೋಲಿಸಿ ನೋಡಿ. ಅನೇಕ ಸಲ ಹೀಟರ್‌ವರೆಗೆ 1/2 ಇಂಚಿನ ಪೈಪನ್ನೇ ತರಬೇಕಾಗುತ್ತದೆ. ಗ್ಯಾಸ್ ಸಾಲದಿದ್ದರೆ ಫರ್ನೇಸ್ ಹೊತ್ತಿದ ಕೂಡಲೇ ಹೀಟರ್ ಆರಿಹೋಗುತ್ತದೆ, ದೋಷ ಹೀಟರ್‌ನದ್ದೆಂದು ನೀವು ಅದನ್ನೇ ಬಿಚ್ಚುತ್ತ ಕೂರುತ್ತೀರಿ.

ಪ್ರಶ್ನೆ ಕೇಳಿದವರು

ಕೆಲಸದ ವರದಿ ಕೊಡುತ್ತಿದ್ದೇನೆ. ಟೀ ಜೋಡಣೆಯಿಂದ ಹೀಟರ್‌ವರೆಗೆ ಹೊಸ ಕೊಳವೆ ತಂದೆ. ಐದು ಫ್ಲೇರ್ ಅಭ್ಯಾಸಕ್ಕೆ ಮಾಡಿದೆ, ಮೂರನೆಯದರವರೆಗೆ ಎಲ್ಲವೂ ಸೀಳಿದವು. ಕಟರ್ ಅನ್ನು ಅವಸರದಲ್ಲಿ ಬಿಗಿಮಾಡುತ್ತಿದ್ದುದೇ ಕಾರಣವೆಂದು ಆಮೇಲೆ ತಿಳಿಯಿತು. ಕೊನೆಗೆ ಎರಡೂ ತುದಿಗಳಲ್ಲಿ ಒಳ್ಳೆಯ ಫ್ಲೇರ್ ಬಂತು. ಬೆರಳಿನಿಂದ ತಿರುಗಿಸಿ, ಸ್ಪ್ಯಾನರ್‌ಗೆ ಬಿಗಿ ಸಿಕ್ಕಿದ ಮೇಲೆ ಸುಮಾರು ಕಾಲು ಸುತ್ತು ಕೊಟ್ಟೆ.

ಬಾಗಿಲು ಕಿಟಕಿಗಳನ್ನು ತೆರೆದಿಟ್ಟು ಸಿಲಿಂಡರ್ ತೆರೆದು ಸೋಪಿನ ನೀರು ಹಚ್ಚಿದೆ. ಹೀಟರ್‌ನ ಕಡೆ ಏನೂ ಕಾಣಲಿಲ್ಲ. ಟೀ ಜೋಡಣೆಯ ಕಡೆ ಬಹಳ ಹೊತ್ತಿನ ಮೇಲೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಪಕ್ಕ ಒಂದು ಏಳುತ್ತಿವೆ. ಕೂಡಲೇ ಸಿಲಿಂಡರ್ ಮುಚ್ಚಿದೆ. ಇಷ್ಟು ಸಣ್ಣ ಸೋರಿಕೆಯನ್ನು ಇನ್ನಷ್ಟು ಬಿಗಿಮಾಡಿ ನಿಲ್ಲಿಸಬಹುದೇ?

ಹಳೆಯ ಟ್ರೇಲರ್ ಮಾಲೀಕರು

ಸಿಲಿಂಡರ್ ಮುಚ್ಚಿದ್ದು ಒಳ್ಳೆಯದಾಯಿತು. ಸಣ್ಣದು ಎಂದು ಬಿಡಬೇಡಿ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದ ಗ್ಯಾಸ್ ಮೇಲೇರಿ ಹೊರಗೆ ಹೋಗುವ ಬದಲು ನೆಲದ ಮಟ್ಟದಲ್ಲಿ, ಹಾಸಿಗೆಯ ಕೆಳಗಿನ ಪೆಟ್ಟಿಗೆಗಳಲ್ಲಿ ಕೂಡಿಕೊಳ್ಳುತ್ತದೆ. ಗಾಳಿಯಲ್ಲಿ ಅದು ಶೇಕಡ 2ಕ್ಕಿಂತ ತುಸು ಹೆಚ್ಚಾದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಟ್ರೇಲರ್‌ನಲ್ಲಿ ಗ್ಯಾಸ್ ಸೂಚಕವನ್ನು ನೆಲದ ಹತ್ತಿರ ಕೂರಿಸಿರುವುದೂ ಇದಕ್ಕೇ. ನಿಮ್ಮದರ ಮೇಲೆ ಬರೆದಿರುವ ಅವಧಿ ಮುಗಿದಿದೆಯೇ ಎಂದು ಈ ನೆಪದಲ್ಲಿ ನೋಡಿಬಿಡಿ.

ಬಳಸಿದ ಸೋಪಿನಲ್ಲಿ ಅಮೋನಿಯಾ ಅಥವಾ ಕ್ಲೋರಿನ್ ಇಲ್ಲ ತಾನೇ? ಅವು ಹಿತ್ತಾಳೆಯನ್ನು ತಿನ್ನುತ್ತವೆ. ಇಂದು ಸೋರಿಕೆ ಹುಡುಕಲು ಹಚ್ಚಿದ ನೀರೇ ನಾಳೆ ನಟ್‌ನಲ್ಲಿ ಬಿರುಕು ತರಬಾರದು.

ಕೊಳವೆ ಕೆಲಸದವರು

ಬಿಗಿಮಾಡುವುದರಿಂದ ನಿಲ್ಲುವ ಸೋರಿಕೆ ಕಾಲು ಸುತ್ತಿನಲ್ಲೇ ನಿಲ್ಲಬೇಕಿತ್ತು. ಇನ್ನೂ ತಿರುಗಿಸಿದರೆ ತಾಮ್ರ ತೆಳುವಾಗಿ ಹಿಂಡಿಹೋಗುತ್ತದೆ, ಒಂದು ತಿಂಗಳು ನಿಂತು ಮತ್ತೆ ಸೋರುತ್ತದೆ. ಬಿಚ್ಚಿ ನೋಡಿ. ನಿಮ್ಮ ಫ್ಲೇರ್ ಸರಿಯಾಗಿದೆ ಎಂದೇ ನನ್ನ ಊಹೆ, ಟೀ ಜೋಡಣೆಯ ಕಡೆಯ ಹಳೆಯ ಹಿತ್ತಾಳೆ ಬಾಯಿಯ ಇಳಿಜಾರನ್ನು ಬೆರಳ ಉಗುರಿನಿಂದ ಸವರಿ ನೋಡಿ. ಅಲ್ಲಿ ಹಿಂದಿನ ಫ್ಲೇರ್ ಒತ್ತಿದ ಗುರುತೋ ಗೀರೋ ಕೊಳೆಯೋ ಇರಬಹುದು.

ಪ್ರಶ್ನೆ ಕೇಳಿದವರು

ನಿಮ್ಮ ಊಹೆ ನಿಜವಾಯಿತು. ಹಳೆಯ ಹಿತ್ತಾಳೆಯ ಮೂತಿಯ ಮೇಲೆ ಅಡ್ಡವಾಗಿ ಒಂದು ಗೀರು ಉಗುರಿಗೆ ಸಿಕ್ಕಿತು, ಹಿಂದೆ ಯಾರೋ ಸುತ್ತಿದ್ದ ಬಿಳಿ ಟೇಪಿನ ಚೂರು ಅದರಲ್ಲಿ ಅಂಟಿಕೊಂಡಿತ್ತು. ಅಂದರೆ ಈ ಜೋಡಣೆ ನಾನು ಕೈಹಾಕುವ ಮೊದಲೇ ಸೋರುತ್ತಿದ್ದಿರಬೇಕು. ಆ ಹಿತ್ತಾಳೆಯ ತುಂಡನ್ನು ಬದಲಾಯಿಸಿ, ಪೈಪ್ ಮರೆಯ ಕಡೆ ಹಳದಿ ಟೇಪ್ ಹಾಕಿ, ಫ್ಲೇರನ್ನೂ ಕತ್ತರಿಸಿ ಹೊಸದಾಗಿ ಮಾಡಿದೆ. ಈಗ ಅರ್ಧ ಗಂಟೆ ಕಾದರೂ ಗುಳ್ಳೆಯಿಲ್ಲ.

ಉಪಕರಣ ದುರಸ್ತಿಯವರು

ಗುಳ್ಳೆಯಿಲ್ಲದಿರುವುದು ಶುಭ ಸಮಾಚಾರ, ಆದರೆ ಸೋಪು ಹೇಳುವುದು ಅದು ಹಚ್ಚಿದ ಜಾಗದ ಬಗ್ಗೆ ಮಾತ್ರ. ಇಡೀ ಕೊಳವೆ ಜಾಲದ ಬಗ್ಗೆ ತಿಳಿಯಬೇಕಾದರೆ ಒತ್ತಡ ಇಳಿಯುತ್ತದೆಯೇ ಎಂದು ನೋಡಬೇಕು.

ಅಮೆರಿಕ ಮತ್ತು ಕೆನಡಾದ ಟ್ರೇಲರ್‌ಗಳಲ್ಲಿ ರೆಗ್ಯುಲೇಟರ್ ಉಪಕರಣಗಳಿಗೆ ಕೊಡುವ ಒತ್ತಡ 11 ಇಂಚು ನೀರಿನ ಎತ್ತರದಷ್ಟು, ಅಂದರೆ ಸುಮಾರು 27 ಮಿಲಿಬಾರ್. ಯುರೋಪಿನ ಈಚಿನ ಟ್ರೇಲರ್‌ಗಳಲ್ಲಿ 30 ಮಿಲಿಬಾರ್. ಇದು ಎಷ್ಟು ಕಡಿಮೆ ಒತ್ತಡವೆಂದರೆ ಸಾಮಾನ್ಯ ಏರ್ ಗೇಜಿನ ಮುಳ್ಳು ಕದಲುವುದೇ ಇಲ್ಲ. ಅದನ್ನು ಅಳೆಯಲು ಮ್ಯಾನೋಮೀಟರ್ ಬೇಕು. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಹಲಗೆಗೆ ಕಟ್ಟಿ ಅರ್ಧ ನೀರು ತುಂಬಿದರೆ ಅದೇ ಮ್ಯಾನೋಮೀಟರ್. ಒಂದು ಕಡೆ ನೀರು 5.5 ಇಂಚು ಇಳಿದು ಇನ್ನೊಂದು ಕಡೆ 5.5 ಇಂಚು ಏರಿದರೆ ಎರಡರ ಅಂತರ 11. ಇದಕ್ಕಿಂತ ನಂಬಿಕೆಯ ಅಳತೆ ಸಾಧನವನ್ನು ನಾನು ಕಂಡಿಲ್ಲ.

ವಿಧಾನ ಹೀಗಿದೆ. ಫ್ರಿಜ್ ಸೇರಿದಂತೆ ಎಲ್ಲ ಉಪಕರಣಗಳನ್ನೂ ಆರಿಸಿ. ಅಡುಗೆ ಒಲೆಯ ಒಂದು ಬರ್ನರ್‌ನ ಮೂತಿಗೆ ಮ್ಯಾನೋಮೀಟರ್ ಸಿಕ್ಕಿಸಿ ಆ ಬರ್ನರ್‌ನ ತಿರುಗಣೆಯನ್ನು ತೆರೆಯಿರಿ, ಮೇಲಿನ ಮುಚ್ಚಳ ತೆಗೆದರೆ ಮೂತಿ ಕೈಗೆ ಸಿಗುತ್ತದೆ. ಸಿಲಿಂಡರ್ ತೆರೆದು ಒತ್ತಡ ಏರಿದ ಮೇಲೆ ಅದನ್ನು ಪೂರ್ತಿ ಮುಚ್ಚಿ. ಈಗ ಇನ್ನೊಂದು ಬರ್ನರ್ ಅನ್ನು ಕ್ಷಣಕಾಲ ತೆರೆದು ಒತ್ತಡವನ್ನು 8 ಇಂಚಿಗೆ ಇಳಿಸಿ. ಮೂರು ನಿಮಿಷ ನೀರಿನ ಮಟ್ಟ ಒಂದು ಕೂದಲೆಳೆಯಷ್ಟೂ ಕದಲಬಾರದು. 8ಕ್ಕೆ ಇಳಿಸುವುದೇಕೆಂದರೆ, 11ರ ಮೇಲೆ ರೆಗ್ಯುಲೇಟರ್ ಮುಚ್ಚಿಕೊಂಡಿರುತ್ತದೆ. ಅದರ ಹಿಂದೆ ಹೋಸ್‌ನಲ್ಲಿ ಹೆಚ್ಚು ಒತ್ತಡದ ಗ್ಯಾಸ್ ಸಿಕ್ಕಿಕೊಂಡಿದ್ದು, ಮುಂದಿನ ಸಣ್ಣ ಸೋರಿಕೆಯನ್ನು ತಾನೇ ತುಂಬಿಕೊಡುತ್ತ ನಮ್ಮ ಕಣ್ಣಿಗೆ ಮರೆಮಾಡುತ್ತದೆ. 8ಕ್ಕೆ ಇಳಿಸಿದಾಗ ರೆಗ್ಯುಲೇಟರ್ ತೆರೆದಿದ್ದು ಅದರ ಹಿಂದಿನ ಹೋಸ್ ಕೂಡ ಪರೀಕ್ಷೆಯೊಳಗೆ ಬರುತ್ತದೆ.

ಒಂದು ಎಚ್ಚರಿಕೆ ಇದೆ. ಉಪಕರಣಗಳು ಜೋಡಣೆಯಲ್ಲಿರುವಾಗ ಕಂಪ್ರೆಸರ್‌ನ ಗಾಳಿಯಿಂದ ಪರೀಕ್ಷೆ ಮಾಡಲು ಹೋಗಬೇಡಿ. 14 ಇಂಚು, ಅಂದರೆ ಅರ್ಧ ಪಿಎಸ್‌ಐ (ಚದರ ಇಂಚಿಗೆ ಅರ್ಧ ಪೌಂಡ್) ಮೀರಿದರೆ ಗ್ಯಾಸ್ ವಾಲ್ವ್‌ಗಳ ಒಳಗಿನ ಪೊರೆಗಳು ಹಾಳಾಗುತ್ತವೆ.

ಅನೇಕ ಕಡೆ ಗ್ಯಾಸ್ ಕೆಲಸವನ್ನು ಪರವಾನಗಿ ಇದ್ದವರೇ ಮಾಡಬೇಕೆಂಬ ಕಾನೂನಿದೆ. ನೀವಿರುವ ಕಡೆಯ ನಿಯಮವನ್ನು ನೋಡಿಕೊಳ್ಳಿ. ಕೆಲಸ ನೀವೇ ಮಾಡಿದ್ದರೂ ಕೊನೆಯ ಒತ್ತಡ ಪರೀಕ್ಷೆಯನ್ನಾದರೂ ಅಂಥವರಿಂದ ಮಾಡಿಸಿ ಎಂಬುದು ನನ್ನ ಆಗ್ರಹ.

ಪ್ರಶ್ನೆ ಕೇಳಿದವರು

ಪರವಾನಗಿ ಇರುವವರೊಬ್ಬರನ್ನು ಕರೆಸಿದೆ. ಅವರ ಮ್ಯಾನೋಮೀಟರ್‌ನಲ್ಲಿ 8 ಇಂಚು ಮೂರು ನಿಮಿಷ ಹಾಗೆಯೇ ನಿಂತಿತು. ಫರ್ನೇಸ್ ಮತ್ತು ಒಲೆ ಉರಿಯುತ್ತಿರುವಾಗ 11 ತೋರಿಸಿತು. ಆಮೇಲೆ ತೊಟ್ಟಿಗೆ ನೀರು ತುಂಬಿ, ಬಿಸಿನೀರಿನ ನಲ್ಲಿಯಿಂದ ಗಾಳಿ ಉಗುಳುವುದು ನಿಲ್ಲುವವರೆಗೆ ಬಿಟ್ಟು ಹೀಟರ್ ಹಚ್ಚಿದೆ. ಕಿಡಿಯ ಟಕಟಕ ಸದ್ದು ಕೇಳಿಸಿತು, ಆದರೆ ಹೊತ್ತಿಕೊಳ್ಳದೆ ದೋಷದ ದೀಪ ಬೆಳಗಿತು.

ಹಳೆಯ ಟ್ರೇಲರ್ ಮಾಲೀಕರು

ಹೊಸ ಕೊಳವೆಯಲ್ಲಿ ಇನ್ನೂ ಗಾಳಿ ತುಂಬಿದೆ. ಕೆಲವು ನಿಮಿಷ ಬಿಟ್ಟು ಸ್ವಿಚ್ ಆರಿಸಿ ಮತ್ತೆ ಹಚ್ಚಿ, ಎರಡು ಮೂರು ಸಲ ಹೀಗಾಗುವುದು ಸಾಮಾನ್ಯ. ನಾಲ್ಕೈದು ಸಲ ಮಾಡಿಯೂ ಹೊತ್ತದಿದ್ದರೆ 12 ವೋಲ್ಟ್ ತಂತಿಯ ಜೋಡಣೆಯನ್ನೂ ಬ್ಯಾಟರಿಯನ್ನೂ ನೋಡಿ. ಹೊತ್ತಿದ ಮೇಲೆ ಜ್ವಾಲೆ ನೀಲಿಯಾಗಿ, ಹದವಾದ ಭೋರೆಂಬ ಸದ್ದಿನೊಂದಿಗೆ ಇರಬೇಕು. ಹಳದಿ ನಾಲಗೆಗಳು ಕಂಡರೆ ಗಾಳಿ ಸಾಲುತ್ತಿಲ್ಲ, ಬರ್ನರ್ ಕೊಳವೆಯ ಗಾಳಿಯ ಬಾಗಿಲನ್ನು ಕೈಪಿಡಿ ಹೇಳಿದಷ್ಟು ತೆರೆಯಿರಿ. ಆ ಕೊಳವೆಯೊಳಗೆ ಜೇಡರ ಬಲೆ ಕಟ್ಟುವುದೂ ಉಂಟು, ಪ್ರತಿ ಪ್ರವಾಸಕ್ಕೆ ಮೊದಲು ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು

ಮೂರನೆಯ ಸಲಕ್ಕೆ ಹೊತ್ತಿಕೊಂಡಿತು. ಜ್ವಾಲೆ ನೀಲಿಯಾಗಿದೆ. ನೀರೂ ಚೆನ್ನಾಗಿ ಬಿಸಿಯಾಯಿತು. ಉಳಿದಿರುವುದು ಒಂದೇ ಸಂದೇಹ. ಗ್ಯಾಸ್ ಕೊಳವೆ ಹೀಟರ್‌ನ ಪೆಟ್ಟಿಗೆಯನ್ನು ಹೊಗುವ ರಂಧ್ರದಲ್ಲಿ ಕೊಳವೆಯ ಸುತ್ತ ಬೆರಳಷ್ಟು ಜಾಗ ಖಾಲಿಯಿದೆ. ಅದು ಸೋರಿಕೆಯ ಜಾಗವಲ್ಲವಾದ್ದರಿಂದ ಹಾಗೇ ಬಿಡಬಹುದೇ?

ಉಪಕರಣ ದುರಸ್ತಿಯವರು

ಬಿಡಬೇಡಿ, ಕೇಳಿದ್ದು ಒಳ್ಳೆಯದಾಯಿತು. ಈ ಹೀಟರ್ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದ ತೆಗೆದುಕೊಂಡು ಹೊಗೆಯನ್ನೂ ಹೊರಗೇ ಬಿಡುತ್ತದೆ. ಪೆಟ್ಟಿಗೆಗೂ ನೀವು ಮಲಗುವ ಜಾಗಕ್ಕೂ ನಡುವೆ ಯಾವ ತೆರಪೂ ಇರಬಾರದು ಎಂಬುದರ ಮೇಲೆಯೇ ಅದರ ವಿನ್ಯಾಸ ನಿಂತಿದೆ. ಆ ಬೆರಳಷ್ಟು ಜಾಗದಿಂದ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರಬಹುದು, ಅದಕ್ಕೆ ವಾಸನೆಯೂ ಇಲ್ಲ. ಹೀಟರ್‌ನೊಂದಿಗೆ ಬಂದ ರಬ್ಬರ್ ಗ್ರೋಮೆಟ್ ಅದರ ರಟ್ಟಿನ ಪೆಟ್ಟಿಗೆಯಲ್ಲಿ ಎಲ್ಲೋ ಇರಬೇಕು, ಹುಡುಕಿ. ಅದನ್ನು ಕೂರಿಸಲು ಫ್ಲೇರ್ ನಟ್ಟನ್ನು ಒಮ್ಮೆ ಬಿಚ್ಚಬೇಕಾಗುತ್ತದೆ. ಮತ್ತೆ ಬಿಗಿಮಾಡಿದ ಮೇಲೆ ಆ ಜೋಡಣೆಗೆ ಸೋಪಿನ ನೀರನ್ನೂ, ಇಡೀ ಜಾಲಕ್ಕೆ 8 ಇಂಚಿನ ಪರೀಕ್ಷೆಯನ್ನೂ ಇನ್ನೊಮ್ಮೆ ಮಾಡಿಸಿ. ಅಲ್ಲಿಯವರೆಗೆ ಗ್ಯಾಸಿನಲ್ಲಿ ಹೀಟರ್ ಹಚ್ಚಬೇಡಿ.

ಪ್ರಶ್ನೆ ಕೇಳಿದವರು

ಗ್ರೋಮೆಟ್ ರಟ್ಟಿನ ಪೆಟ್ಟಿಗೆಯ ತಳದಲ್ಲಿ ಕೈಪಿಡಿಯ ಹಾಳೆಗಳ ನಡುವೆ ಸಿಕ್ಕಿತು. ಸಿಲಿಂಡರ್ ಮುಚ್ಚಿದ್ದೇನೆ. ಪರೀಕ್ಷೆ ಮಾಡಿದವರು ನಾಳೆ ಬೆಳಗ್ಗೆ ಮತ್ತೆ ಬರುತ್ತೇನೆಂದಿದ್ದಾರೆ, ಅವರ ಎದುರಿಗೇ ನಟ್ ಬಿಚ್ಚಿ ಗ್ರೋಮೆಟ್ ಕೂರಿಸುತ್ತೇನೆ.